ಹೆಚ್ಚು ಎಚ್‌ಪಿಯ ಹಳೇ ಗಾರ್ಡನ್ ಟ್ರ್ಯಾಕ್ಟರ್ ಕೊಳ್ಳಬೇಕಾ? ತೀರ್ಮಾನಕ್ಕೆ ಮೊದಲು ಮಾಡಬೇಕಾದ ಪರೀಕ್ಷೆಗಳು

ಹುಲ್ಲು ಕೊಯ್ಯಲೆಂದು ತಂದ ಟ್ರ್ಯಾಕ್ಟರಿಗೆ ಕೆಲಸಗಳು ಒಂದೊಂದಾಗಿ ಜಾಸ್ತಿಯಾಗುತ್ತಾ ಹೋಗುತ್ತವೆ. ಮೊದಲು ಟ್ರಾಲಿ, ಆಮೇಲೆ ಟಿಲ್ಲರ್, ಅದಾದ ಮೇಲೆ ಮಣ್ಣು ತಳ್ಳುವ ಬ್ಲೇಡ್. ಒಂದು ದಿನ ಅದು ಮುಂದೆ ಹೋಗಲು ತಿಣುಕುತ್ತದೆ. ಆಗ ನಮಗೆ ತಟ್ಟನೆ ಹೊಳೆಯುವುದು ಒಂದೇ: 18 ಎಚ್‌ಪಿ ಸಾಲದು, 25 ಇರುವುದು ಬೇಕು.

ಎಷ್ಟೋ ಸಲ ಕಮ್ಮಿ ಬಿದ್ದಿರುವುದು ಎಚ್‌ಪಿ ಆಗಿರುವುದೇ ಇಲ್ಲ. ಗಾಡಿಯ ತೂಕ ಸಾಲುತ್ತಿರುವುದಿಲ್ಲ, ಇಲ್ಲವೇ ಗೇರ್‌ಬಾಕ್ಸ್ ಹಗುರದ್ದಾಗಿರುತ್ತದೆ, ಇಲ್ಲವೇ ಇರುವ ಎಂಜಿನ್ನೇ ಪೂರ್ತಿ ಕೆಲಸ ಮಾಡುತ್ತಿರುವುದಿಲ್ಲ. ಇದನ್ನು ನೋಡದೆ ದೊಡ್ಡ ಎಂಜಿನ್‌ನ ಹಳೇ ಟ್ರ್ಯಾಕ್ಟರ್ ತಂದರೆ ಹಳೆಯ ತೊಂದರೆ ಹಾಗೇ ಉಳಿದು, ಜೊತೆಗೆ ಬೇರೆಯವರ ಹಳೆಯ ತೊಂದರೆಯೂ ಮನೆಗೆ ಬರುತ್ತದೆ.

ಹೆಜ್ಜೆ 1: ಸೋಲುತ್ತಿರುವುದು ಯಾವುದು ಅಂತ ನೋಡಿ

ನಿಮ್ಮ ಈಗಿನ ಟ್ರ್ಯಾಕ್ಟರಿಗೆ ಅತಿ ಕಷ್ಟವಾಗುವ ಕೆಲಸವನ್ನೇ ಮತ್ತೊಮ್ಮೆ ಮಾಡಿ. ಈ ಸಲ ಕೆಲಸ ಮುಗಿಸುವ ಆತುರ ಬೇಡ. ಕಿವಿ ಎಂಜಿನ್ ಕಡೆ ಇರಲಿ. ಹಿಂದಿನ ಚಕ್ರ ನೋಡಲು ಇನ್ನೊಬ್ಬರನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿ.

ಎಂಜಿನ್ ಸದ್ದು ಕುಗ್ಗುತ್ತಾ ಬಂದು ಆರುವ ಹಾಗಾದರೆ ಅದು ಶಕ್ತಿಯ ಕೊರತೆ. ಸದ್ದು ಹಾಗೇ ಇದ್ದು ಚಕ್ರ ನಿಂತಲ್ಲೇ ತಿರುಗಿದರೆ ತೂಕ ಅಥವಾ ಹಿಡಿತದ ಕೊರತೆ. ಸದ್ದೂ ಕುಗ್ಗದೆ, ಚಕ್ರವೂ ಜಾರದೆ, ಗಾಡಿ ಮಾತ್ರ ನಿಧಾನವಾಗಿ ನಿಂತುಬಿಟ್ಟರೆ ಬೆಲ್ಟ್ ಜಾರುತ್ತಿದೆ, ಇಲ್ಲವೇ ಹೈಡ್ರೋಸ್ಟಾಟಿಕ್ ಗೇರ್‌ಬಾಕ್ಸ್ (ಹಲ್ಲುಗೇರಿನ ಬದಲು ಪಂಪು ಒತ್ತುವ ಎಣ್ಣೆಯಿಂದ ಚಕ್ರ ತಿರುಗಿಸುವಂಥದ್ದು) ಸವೆದಿದೆ. ಇದು ಯಾವುದೂ ಇಲ್ಲದೆ ಬರೀ ಹೊತ್ತು ಜಾಸ್ತಿ ಹಿಡಿಯುತ್ತಿದ್ದರೆ ಕೊಯ್ಯುವ ಡೆಕ್‌ನ, ಅಂದರೆ ಗಾಡಿಯ ಕೆಳಗೆ ಬ್ಲೇಡ್‌ಗಳಿರುವ ಭಾಗದ, ಅಗಲ ಕಮ್ಮಿ.

ಈ ನಾಲ್ಕರಲ್ಲಿ ಹೆಚ್ಚು ಎಚ್‌ಪಿ ಕೇಳುವುದು ಮೊದಲನೆಯದು ಮಾತ್ರ. ಅದನ್ನೂ ತಕ್ಷಣ ನಂಬಬೇಡಿ.

ಹೆಜ್ಜೆ 2: ಇರುವ ಎಂಜಿನ್ ಪೂರ್ತಿ ಕೊಡುತ್ತಿದೆಯಾ?

ಇಂಥ ಎಂಜಿನ್‌ಗಳು ಫುಲ್ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 3,200ರಿಂದ 3,600 ಆರ್‌ಪಿಎಂ ತಿರುಗಬೇಕು. ನಿಮ್ಮದಕ್ಕೆ ಎಷ್ಟು ಅಂತ ಕೈಪಿಡಿಯಲ್ಲಿ ಇರುತ್ತದೆ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಸಿಗುತ್ತದೆ, ಅದರಲ್ಲಿ ಅಳೆಯಿರಿ. ಎಂಜಿನ್ ವೇಗ ಕಾಯುವ ಗವರ್ನರಿನ ಸ್ಪ್ರಿಂಗ್ ಸಡಿಲವಾಗಿಯೋ ಥ್ರಾಟಲ್ ಕೇಬಲ್ ಎಳೆದುಕೊಂಡೋ 2,900ರಲ್ಲೇ ನಿಂತಿದ್ದರೆ ಒಂದಿಷ್ಟು ಶಕ್ತಿ ಅಲ್ಲೇ ಹೋಯಿತು. ಸರಿಮಾಡುವಾಗ ಕೈಪಿಡಿಯ ಮಿತಿ ಮಾತ್ರ ದಾಟಬೇಡಿ.

ಎರಡು ಸಿಲಿಂಡರಿನ ಎಂಜಿನ್ ಆದರೆ ಇನ್ನೊಂದು ಮುಖ್ಯ ಪರೀಕ್ಷೆ ಇದೆ. ಒಂದು ಸಿಲಿಂಡರ್ ಸತ್ತಿದ್ದರೂ ಎಂಜಿನ್ ಓಡುತ್ತದೆ, ಖಾಲಿ ಗಾಡಿಯನ್ನು ಓಡಾಡಿಸುತ್ತದೆ, ಕೆಲಸಕ್ಕೆ ಹಚ್ಚಿದ ಕೂಡಲೇ ಸೋಲುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷದ ನಂತರ ಎರಡೂ ಕಡೆಯ ಎಕ್ಸಾಸ್ಟ್ ಪೈಪಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನೋಡಿ. ಒಂದು ಸುಡುತ್ತಿದ್ದು ಇನ್ನೊಂದು ಬೆಚ್ಚಗಷ್ಟೇ ಇದ್ದರೆ ವಿಷಯ ಗೊತ್ತಾಯಿತು. ಪ್ಲಗ್, ಕಾಯಿಲ್, ಕಾರ್ಬುರೇಟರ್, ವಾಲ್ವ್ ಗ್ಯಾಪ್ ಇವುಗಳಲ್ಲಿ ಯಾವುದೋ ಕೈಕೊಟ್ಟಿದೆ.

ಇನ್ನು ಸಣ್ಣಪುಟ್ಟದ್ದು. ಬ್ಲೇಡ್ ಮೊಂಡಾಗಿದೆಯಾ, ಬ್ಲೇಡ್ ತಿರುಗಿಸುವ ಡೆಕ್‌ನ ಸ್ಪಿಂಡಲ್ ಬೇರಿಂಗ್ ಬಿಗಿಯಾಗಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ, ತಂಪು ಮಾಡುವ ಫಿನ್‌ಗಳ ನಡುವೆ ಹುಲ್ಲು ತುಂಬಿದೆಯಾ ನೋಡಿ. ಎತ್ತರದ ಪ್ರದೇಶದಲ್ಲಿದ್ದರೆ ಇದೂ ನೆನಪಿರಲಿ: ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಕೆಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. 1,000 ಮೀಟರ್‌ನಲ್ಲಿ ನಿಮ್ಮ 20 ಎಚ್‌ಪಿ 18ರ ಹಾಗೆ ವರ್ತಿಸುತ್ತದೆ.

ಹೆಜ್ಜೆ 3: ಎಳೆಯುವ ಕೆಲಸದ ಲೆಕ್ಕ ಹಾಕಿ

ಕಾಗದ ಪೆನ್ನು ತೆಗೆದುಕೊಳ್ಳಿ. ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ.

ಟ್ರ್ಯಾಕ್ಟರ್ ಎಷ್ಟು ಎಳೆಯಬಲ್ಲದು ಅನ್ನುವುದನ್ನು ನಿರ್ಧರಿಸುವುದು ಹಿಂದಿನ ಚಕ್ರದ ಮೇಲಿರುವ ಭಾರ. ಗಟ್ಟಿ ಮಣ್ಣಿನ ಮೇಲೆ ಆ ಭಾರದ ಅರ್ಧದಷ್ಟು ಎಳೆತ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಸಡಿಲ ಮಣ್ಣು, ಒದ್ದೆ ಹುಲ್ಲು ಆದರೆ ಇನ್ನೂ ಕಮ್ಮಿ.

ಹುಲ್ಲು ಕೊಯ್ಯಲೆಂದೇ ಮಾಡಿದ, 18 ಎಚ್‌ಪಿಯ, 230 ಕೆಜಿಯ ಒಂದು ಲಾನ್ ಟ್ರ್ಯಾಕ್ಟರ್, 75 ಕೆಜಿಯ ಚಾಲಕ. ಒಟ್ಟು 305. ಇದರಲ್ಲಿ ಹಿಂದಿನ ಚಕ್ರಗಳ ಮೇಲೆ ಸುಮಾರು 200 ಕೆಜಿ ಬೀಳುತ್ತದೆ. ಅಂದರೆ 100 ಕೆಜಿ ಬಲದ ಎಳೆತ. ಅದೇ ಬಲದಲ್ಲಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಎಳೆಯಲು ಎಷ್ಟು ಶಕ್ತಿ ಬೇಕು ಗೊತ್ತಾ? ಬರೀ 1.5 ಎಚ್‌ಪಿ. ಗೇರ್‌ಬಾಕ್ಸಿನಲ್ಲಿ, ಟಯರಿನಲ್ಲಿ ಆಗುವ ನಷ್ಟ ಸೇರಿಸಿ ಎರಡರಷ್ಟು ಅಂದುಕೊಂಡರೂ 3 ಎಚ್‌ಪಿ. ಉಳಿದ 15 ಎಚ್‌ಪಿ ಸುಮ್ನೆ ಕೂತಿರುತ್ತದೆ.

ಈಗ ಇದೇ ಟ್ರ್ಯಾಕ್ಟರಿಗೆ 300 ಕೆಜಿಯ ಟ್ರಾಲಿ ಕಟ್ಟಿ, 10 ಮೀಟರಿಗೆ 2 ಮೀಟರ್ ಏರುವ ದಾರಿ ಹತ್ತಿಸಿ. ಒಟ್ಟು 605 ಕೆಜಿ. ಮೇಲಕ್ಕೆ ಎಳೆಯಲೇ ಸುಮಾರು 120 ಕೆಜಿ ಬಲ ಬೇಕು. ಹಿಡಿತ ಇರುವುದು 100ರ ಆಸುಪಾಸು. ಚಕ್ರ ಜಾರಲೇಬೇಕು. ಇದೇ ಗಾಡಿಯಲ್ಲಿ 40 ಎಚ್‌ಪಿ ಎಂಜಿನ್ ಕೂರಿಸಿದರೂ ಜಾರುತ್ತದೆ, ಇನ್ನೂ ಜೋರಾಗಿ.

ಹಾಗಾಗಿ ಎಳೆಯುವುದು, ಉಳುವುದು, ಮಣ್ಣು ತಳ್ಳುವುದೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಜಾಹೀರಾತಿನಲ್ಲಿ ಮೊದಲು ನೋಡಬೇಕಾದ ಅಂಕಿ ತೂಕ. ಲಾನ್ ಟ್ರ್ಯಾಕ್ಟರುಗಳು ಹೆಚ್ಚಾಗಿ 200–250 ಕೆಜಿ ತೂಗುತ್ತವೆ. ಗಟ್ಟಿಮುಟ್ಟಾದ ಗಾರ್ಡನ್ ಟ್ರ್ಯಾಕ್ಟರ್ 350–450 ಕೆಜಿ. ಹಳೆಯ 18 ಎಚ್‌ಪಿಯ ದಪ್ಪ ಗಾಡಿಯೊಂದು ಹೊಸ 24 ಎಚ್‌ಪಿಯ ಹಗುರ ಗಾಡಿಯನ್ನು ಎಳೆತದಲ್ಲಿ ಸೋಲಿಸುವುದು ಇದೇ ಕಾರಣಕ್ಕೆ.

ತೂಕ ಹೊರಗಿನಿಂದಲೂ ಸೇರಿಸಬಹುದು. ಚಕ್ರಕ್ಕೆ ಬೋಲ್ಟ್ ಮಾಡುವ ಕಬ್ಬಿಣದ ತೂಕಗಳಿವೆ. ಹಿಂದಿನ ಟಯರಿನ ಒಳಗೆ ನೀರು ತುಂಬಿಸುವ ರೂಢಿಯೂ ಇದೆ. ಈ ಗಾತ್ರದ ಟಯರಿಗೆ ತಲಾ 25–30 ಲೀಟರ್ ಹಿಡಿಯುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದರೆ ಹೆಪ್ಪುಗಟ್ಟದ ದ್ರವ ಹಾಕಬೇಕು. ಬೋಳು ಹುಲ್ಲುಟಯರ್ ತೆಗೆದು ಆಳದ ಹಲ್ಲಿನ ಟಯರ್ ಹಾಕಿದರೆ ಮಣ್ಣಿನಲ್ಲಿ ಹಿಡಿತ ತುಂಬಾ ಬದಲಾಗುತ್ತದೆ. ಹುಲ್ಲುಹಾಸು ಹಾಳಾಗುತ್ತದೆ ಅನ್ನುವುದೂ ನಿಜ.

ಆದರೆ ಇಲ್ಲೊಂದು ಅಪಾಯವಿದೆ. ಹಗುರ ಗೇರ್‌ಬಾಕ್ಸ್ ಇರುವ ಗಾಡಿಯಲ್ಲಿ ಚಕ್ರ ಜಾರುವುದು ಒಂಥರಾ ಫ್ಯೂಸ್ ಇದ್ದ ಹಾಗೆ. ಗೇರ್‌ಬಾಕ್ಸಿನ ಮೇಲೆ ಮಿತಿಮೀರಿ ಒತ್ತಡ ಬೀಳುವ ಮೊದಲೇ ಚಕ್ರ ಜಾರಿ ಅದನ್ನು ಉಳಿಸುತ್ತದೆ. ತೂಕ ಹೇರಿ ಆ ಜಾರುವಿಕೆ ತಪ್ಪಿಸಿದರೆ ಮುಂದೆ ಹೋಗುವುದು ಗೇರ್‌ಬಾಕ್ಸೇ. ನಿಮ್ಮದು ಅಂಥ ಗಾಡಿಯಾಗಿದ್ದರೆ ಗಾಡಿ ಬದಲಾಯಿಸುವುದಕ್ಕೆ ಇದು ನ್ಯಾಯವಾದ ಕಾರಣ.

ಹೆಜ್ಜೆ 4: ಎಚ್‌ಪಿ ನಿಜವಾಗಿ ಬೇಕಾಗುವ ಕೆಲಸಗಳು

ಪಿಟಿಒದಿಂದ, ಅಂದರೆ ಎಂಜಿನ್ ಶಕ್ತಿಯನ್ನು ನೇರ ಉಪಕರಣಕ್ಕೆ ಕೊಡುವ ವ್ಯವಸ್ಥೆಯಿಂದ, ತಿರುಗುವ ಉಪಕರಣಗಳು ಎಚ್‌ಪಿ ತಿನ್ನುತ್ತವೆ. ಅಗಲದ ಮೋವರ್ ಡೆಕ್, ಟಿಲ್ಲರ್, ಕೊಂಬೆ ಪುಡಿ ಮಾಡುವ ಚಿಪ್ಪರ್, ಹಿಮ ಎಸೆಯುವ ಬ್ಲೋವರ್ ಎಲ್ಲ ಈ ಗುಂಪಿಗೆ ಸೇರುತ್ತವೆ. ಟಿಲ್ಲರಿಗೆ ಅಡಿ ಅಗಲಕ್ಕೆ ಸುಮಾರು 5 ಎಚ್‌ಪಿ ಅನ್ನುವುದು ರೂಢಿಯ ಒರಟು ಲೆಕ್ಕ. ಅದೂ ಪಿಟಿಒ ತುದಿಯಲ್ಲಿ ಸಿಗುವ ಎಚ್‌ಪಿ. ಎಂಜಿನ್ ಮೇಲಿನ ಸ್ಟಿಕ್ಕರಿನಲ್ಲಿರುವುದು ಹೆಚ್ಚಾಗಿ ಗ್ರಾಸ್ ಎಚ್‌ಪಿ. ಸೈಲೆನ್ಸರ್, ಏರ್ ಫಿಲ್ಟರ್ ಇಲ್ಲದೆ ಪರೀಕ್ಷಾಲಯದಲ್ಲಿ ಅಳೆದದ್ದು ಅದು. ಚಕ್ರಕ್ಕೋ ಪಿಟಿಒಗೋ ಬರುವುದು ಅದಕ್ಕಿಂತ ಕಮ್ಮಿ.

ಡೆಕ್ ಅಗಲದ ಆಸೆಗೆ ಬಿದ್ದವರು ಈ ಲೆಕ್ಕವನ್ನೂ ಮಾಡಲಿ. 42 ಇಂಚಿನ ಡೆಕ್ ಅಂದರೆ 1.07 ಮೀಟರ್. ಗಂಟೆಗೆ 5 ಕಿ.ಮೀ. ವೇಗ, ತಿರುವು ಮತ್ತು ಒಂದರ ಮೇಲೊಂದು ಬೀಳುವ ಸಾಲುಗಳಿಗೆ 20% ಕಳೆದರೆ ಒಂದು ಎಕರೆಗೆ ಸುಮಾರು 57 ನಿಮಿಷ. 54 ಇಂಚಿನದಕ್ಕೆ 44 ನಿಮಿಷ. ಎಕರೆಗೆ 13 ನಿಮಿಷ ಉಳಿಯಿತು. ನಿಮ್ಮ ಗೇಟಿನ ಅಗಲ, ಮರಗಳ ನಡುವಿನ ಜಾಗ ನೋಡಿದ ಮೇಲೂ ಅದು ಉಳಿಯುತ್ತದಾ? ನನಗಂತೂ ಒಂದೆರಡು ಎಕರೆಗೆ ಅದು ದೊಡ್ಡ ಕಾರಣ ಅನ್ನಿಸುವುದಿಲ್ಲ. ಐದು ಎಕರೆಗೆ ಮಾತು ಬೇರೆ.

ಇಂಧನವೂ ಇದೆ. 20 ಎಚ್‌ಪಿ ಪೆಟ್ರೋಲ್ ಎಂಜಿನ್ ಕೊಯ್ಯುವಾಗ ಗಂಟೆಗೆ 3ರಿಂದ 5 ಲೀಟರ್ ಕುಡಿಯುತ್ತದೆ. ಅಷ್ಟೇ ಶಕ್ತಿಯ ಡೀಸೆಲ್ 2–3 ಲೀಟರಿನಲ್ಲಿ ಮುಗಿಸುತ್ತದೆ. ಡೀಸೆಲ್ ಜಾಸ್ತಿ ಬಾಳುತ್ತದೆ, ಆದರೆ ಪಂಪು, ಇಂಜೆಕ್ಟರ್ ಕೆಟ್ಟರೆ ರಿಪೇರಿ ದುಬಾರಿ.

ಹೆಜ್ಜೆ 5: ಗಟ್ಟಿ ಗಾಡಿಯನ್ನು ಗುರುತಿಸುವುದು

ಹಸಿರೋ ಹಳದಿಯೋ ಬಣ್ಣ ಬಳಿದು 'ಗಾರ್ಡನ್ ಟ್ರ್ಯಾಕ್ಟರ್' ಅಂತ ಬರೆದ ಮಾತ್ರಕ್ಕೆ ಅದು ಮಣ್ಣಿನ ಕೆಲಸಕ್ಕೆ ಆಗುವುದಿಲ್ಲ. ಹಿಂದಿನ ಚಕ್ರದ ನಡುವೆ ಇಣುಕಿ ನೋಡಿ. ಕಾರಿನ ಚಕ್ರದ ಹಾಗೆ ಐದು ಬೋಲ್ಟ್‌ಗಳಿಂದ ಹಬ್ಬಿಗೆ ಕೂರಿಸಿದ್ದರೆ ಆಕ್ಸಲ್ ದಪ್ಪದ್ದಿರುತ್ತದೆ, ಸಾಮಾನ್ಯವಾಗಿ 1 ಇಂಚು ಅಥವಾ ಮೇಲೆ. ಆಕ್ಸಲಿನ ತುದಿಯಲ್ಲಿ ಬರೀ ಒಂದು ಕ್ಲಿಪ್ ಚಕ್ರವನ್ನು ಹಿಡಿದಿದ್ದರೆ ಅದು ಹುಲ್ಲು ಕೊಯ್ಯುವ ಗಾಡಿ, ಬಾನೆಟ್ ಮೇಲೆ ಎಷ್ಟೇ ಎಚ್‌ಪಿ ಬರೆದಿರಲಿ.

ಆಮೇಲೆ ಗೇರ್‌ಬಾಕ್ಸಿನ ಮಾದರಿ. ಟಫ್ ಟಾರ್ಕ್ ಕೆ46 ಎಷ್ಟೋ ಬ್ರ್ಯಾಂಡಿನ ಲಾನ್ ಟ್ರ್ಯಾಕ್ಟರುಗಳಲ್ಲಿ ಇದೆ. ಅದರ ಆಕ್ಸಲ್ ಮುಕ್ಕಾಲು ಇಂಚು. ಸಮತಟ್ಟಿನಲ್ಲಿ ಹುಲ್ಲು ಕೊಯ್ಯಲು ಸಾಕು, ನೇಗಿಲು ಎಳೆಯಲು ಅಲ್ಲ. ಮಾರುವವರಿಗೆ ಫೋನ್ ಮಾಡಿದಾಗ ಮಾಡೆಲ್ ನಂಬರ್, ಸೀರಿಯಲ್ ಪ್ಲೇಟಿನ ಫೋಟೋ ಕೇಳಿ. ಗೇರ್‌ಬಾಕ್ಸ್ ಯಾವುದು ಅಂತ ಅದರಿಂದ ತಿಳಿಯುತ್ತದೆ.

ಹೆಜ್ಜೆ 6: ಹೊರಡುವ ಮೊದಲು ಬಿಡಿಭಾಗ ಹುಡುಕಿ

ಇದನ್ನು ಎಲ್ಲರೂ ಕೊಂಡ ಮೇಲೆ ಮಾಡುತ್ತಾರೆ. ಮೊದಲೇ ಮಾಡಿ. ಆ ಮಾಡೆಲ್‌ನ ಕಾರ್ಬುರೇಟರ್ ಅಥವಾ ಇಂಜೆಕ್ಷನ್ ಪಂಪು, ಗೇರ್‌ಬಾಕ್ಸಿನ ಸೀಲುಗಳು, ಡೆಕ್‌ನ ಸ್ಪಿಂಡಲ್ ಈಗಲೂ ಸಿಗುತ್ತವೆಯಾ ನೋಡಿ. ಜಾನ್ ಡೀರ್ ಕಂಪನಿಯ 318 ಒಳ್ಳೆಯ ಉದಾಹರಣೆ. 1983ರಿಂದ 1992ರವರೆಗೆ ಬಂದ ಗಟ್ಟಿ ಗಾಡಿ ಅದು, ಹೈಡ್ರಾಲಿಕ್ಸ್ ಚೆನ್ನಾಗಿದೆ. ಆದರೆ ಅದರ ಓನನ್ ಎಂಜಿನ್‌ನ ಭಾಗಗಳು ಈಗ ಅಪರೂಪ, ಸಿಕ್ಕರೂ ದುಬಾರಿ. ಅದೇ ಕಂಪನಿಯ 425ರಲ್ಲಿರುವ ಕವಾಸಾಕಿ ಎಂಜಿನ್ ನಯವಾಗಿ ಓಡುತ್ತದೆ, ಆದರೆ ಒಳಗೆ ವಾಲ್ವ್‌ಗಳನ್ನು ನಡೆಸುವ ಪ್ಲಾಸ್ಟಿಕ್ ಕ್ಯಾಮ್ ಗೇರ್ ಮುರಿಯುವುದು ಅದರ ಹೆಸರಾದ ದೌರ್ಬಲ್ಯ. ಅದನ್ನು ಬದಲಾಯಿಸಿದ್ದಾರಾ, ರಸೀದಿ ಇದೆಯಾ ಅಂತ ಕೇಳಬೇಕು. ಪ್ರತಿ ಹಳೆಯ ಮಾಡೆಲ್‌ಗೂ ಇಂಥದ್ದು ಒಂದಾದರೂ ಇರುತ್ತದೆ. ಮನೆಯಲ್ಲಿ ಕೂತು ಅದನ್ನು ತಿಳಿದುಕೊಂಡು ಹೋದರೆ ಅಲ್ಲಿ ಕೇಳುವ ಪ್ರಶ್ನೆ ಬೇರೆಯಾಗುತ್ತದೆ.

ನಿಮ್ಮ ಹತ್ತಿರ ಇರುವ ಉಪಕರಣಗಳು ಹೊಸದಕ್ಕೆ ಕೂರುತ್ತವೆಯಾ ಅನ್ನುವುದೂ ಈಗಲೇ ನೋಡಬೇಕಾದ್ದು. ಹಿಂದಿನ ಮೂರು ಕೊಂಡಿಯ ಹಿಚ್‌ಗಳಲ್ಲಿ ಕೆಟಗರಿ 0ರ ಕೆಳ ಪಿನ್ನು 5/8 ಇಂಚು, ಕೆಟಗರಿ 1ರದ್ದು 7/8 ಇಂಚು. ಡೆಕ್, ಬ್ಲೇಡ್, ಬ್ಲೋವರ್ ಒಂದು ಸರಣಿಯದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಉಪಕರಣಗಳ ಸಮೇತ ಮಾರುತ್ತಿರುವ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಕೊನೆಗೆ ಅದೇ ಅಗ್ಗ.

ಹೆಜ್ಜೆ 7: ನೋಡಲು ಹೋದ ದಿನ

ಎಂಜಿನ್ ಸ್ಟಾರ್ಟ್ ಮಾಡದೆ ಇಟ್ಟಿರಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಿದ್ದಾಗ ಸುಲಭಕ್ಕೆ ಹತ್ತುವುದಿಲ್ಲವೇನೋ ಅಂತ ಅನುಮಾನಿಸಬೇಕು.

ಡಿಪ್‌ಸ್ಟಿಕ್ ಎಳೆದು ಎಣ್ಣೆ ಮೂಸಿ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಕಾರ್ಬುರೇಟರ್ ಸೋರಿ ಎಣ್ಣೆಗೆ ಸೇರಿದೆ. ನೀರು ತಂಪಿನ ಎಂಜಿನ್‌ನಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕೂಲಂಟ್ ಒಳಗೆ ಹೋಗಿದೆ, ಅಲ್ಲಿಂದ ಹೊರಡಿ. ಏರ್ ಫಿಲ್ಟರ್ ತೆಗೆದು, ಅದರ ಆಚೆ ಕಡೆಯ ಗಾಳಿ ದಾರಿಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಧೂಳು ಹತ್ತಿದರೆ ಎಂಜಿನ್ ಮಣ್ಣು ತಿಂದಿದೆ ಅಂತಲೇ ಅರ್ಥ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ಎಣ್ಣೆ ಸುಡುವುದರದ್ದು. ಕಪ್ಪು ಹೊಗೆ ಇಂಧನ ಜಾಸ್ತಿಯಾದದ್ದು, ಅದು ಅಷ್ಟು ಭಯದ್ದಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಯೋಚಿಸಬೇಕು. ಡೀಸೆಲ್ ಆದರೆ ಎಣ್ಣೆ ತುಂಬುವ ಮುಚ್ಚಳ ಸಡಿಲಿಸಿ. ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಕಂಪ್ರೆಶನ್ ಗೇಜ್ ಒಯ್ಯುವವರಿಗೆ ಒಂದು ಮಾತು: ಇಂಥ ಪೆಟ್ರೋಲ್ ಎಂಜಿನ್‌ಗಳಲ್ಲಿ ಹೆಚ್ಚಾಗಿ ಸ್ಟಾರ್ಟ್ ಸುಲಭವಾಗಲೆಂದು ಕಂಪ್ರೆಶನ್ ಬಿಡುವ ವ್ಯವಸ್ಥೆ ಇರುತ್ತದೆ, ಗೇಜ್ ಕಮ್ಮಿ ತೋರಿಸುತ್ತದೆ. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆಯೇ ನಂಬಿಕೆಯದ್ದು. ಬ್ಯಾಟರಿಯ ಮೇಲೆ ಮೀಟರ್ ಇಟ್ಟು ಥ್ರಾಟಲ್ ಏರಿಸಿದರೆ 13.5ರಿಂದ 14.5 ವೋಲ್ಟ್ ಬರಬೇಕು.

ಆದರೆ ನೀವು ಹೆಚ್ಚು ಹೊತ್ತು ಕೊಡಬೇಕಾದ್ದು ಗೇರ್‌ಬಾಕ್ಸಿಗೆ. ಹೈಡ್ರೋಸ್ಟಾಟಿಕ್ ತಣ್ಣಗಿದ್ದಾಗ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಸವೆದದ್ದು ಗೊತ್ತಾಗುವುದು ಒಳಗಿನ ಎಣ್ಣೆ ಬಿಸಿಯಾಗಿ ತೆಳುವಾದ ಮೇಲೆ. ಹಾಗಾಗಿ ಅರ್ಧ ಗಂಟೆ ಓಡಿಸಿ. ಮಾರುವವರು ಬೇಸರಪಟ್ಟರೂ ಪರವಾಗಿಲ್ಲ. ಆಮೇಲೆ ಒಂದು ಏರು ಹತ್ತಿಸಿ. ಎಂಜಿನ್ ಸದ್ದು ಹಾಗೇ ಇದ್ದು ಗಾಡಿ ಮಾತ್ರ ನಿಧಾನವಾದರೆ ಗೇರ್‌ಬಾಕ್ಸಿನ ಒಳಗಿನ ಪಂಪು ಮೋಟಾರು ಸವೆದಿವೆ. ಸಮತಟ್ಟು ಜಾಗವಷ್ಟೇ ಇದ್ದರೆ ಮುಂದಿನ ಬಂಪರನ್ನು ದಪ್ಪ ಮರಕ್ಕೆ ಮೆಲ್ಲಗೆ ತಾಗಿಸಿ, ಪೆಡಲನ್ನು ನಿಧಾನವಾಗಿ, ಕ್ಷಣಮಾತ್ರ ಒತ್ತಿ. ಮಣ್ಣಿನ ಮೇಲೆ ಚಕ್ರ ತಿರುಗಬೇಕು. ಚಕ್ರ ತಿರುಗದೆ ಬರೀ ಕುಂಯ್ ಅನ್ನುವ ಸದ್ದು ಬಂದರೆ ಬೇಡ. ರಿವರ್ಸ್‌ನಲ್ಲೂ ನೋಡಿ.

ಗಂಟೆ ಮೀಟರನ್ನು ಪೂರ್ತಿ ನಂಬಬೇಡಿ. ಅದನ್ನು ಬದಲಾಯಿಸಬಹುದು, ವೈರ್ ಕಿತ್ತಿಡಬಹುದು. ಪೆಡಲಿನ ರಬ್ಬರ್, ಸ್ಟಿಯರಿಂಗ್, ಸೀಟು, ಮುಂದಿನ ಆಕ್ಸಲಿನ ನಡು ಪಿನ್ನು ಇವುಗಳ ಸವೆತ ನಿಜ ಹೇಳುತ್ತದೆ. ಮೀಟರ್ 400 ತೋರಿಸಿ ಪೆಡಲ್ ನುಣ್ಣಗಾಗಿದ್ದರೆ ಎಲ್ಲೋ ಏನೋ ಆಗಿದೆ ಅಲ್ವಾ?

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಅಲ್ಲಾಡಿಸಿ. ಚಾಸಿಯಲ್ಲಿ ವೆಲ್ಡಿಂಗ್ ಗುರುತು, ಬಿರುಕು ಹುಡುಕಿ. ಲೋಡರ್ ಕಟ್ಟಿ ದುಡಿಸಿದ ಗಾಡಿಯಾದರೆ ಇನ್ನೂ ಹುಷಾರಾಗಿ. ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡು ಡೆಕ್ ಕೆಳಗೆ ಸ್ಕ್ರೂಡ್ರೈವರ್‌ನಿಂದ ಒತ್ತಿ, ತುಕ್ಕು ತೂತಾಗುತ್ತದಾ ನೋಡಿ. ಕೊನೆಗೆ ಪಿಟಿಒ ಹಾಕಿಕೊಂಡು ಸೀಟಿನಿಂದ ಸ್ವಲ್ಪ ಮೇಲೇಳಿ. ಬ್ಲೇಡ್ ನಿಲ್ಲಬೇಕು. ನಿಲ್ಲದಿದ್ದರೆ ಯಾರೋ ಸುರಕ್ಷತೆಯ ಸ್ವಿಚ್ ಬೈಪಾಸ್ ಮಾಡಿದ್ದಾರೆ. ಅದನ್ನು ಸರಿಮಾಡುವುದು ಸುಲಭ. ಆದರೆ ಅಂಥವರು ಉಳಿದ ರಿಪೇರಿಗಳನ್ನು ಹೇಗೆ ಮಾಡಿರುತ್ತಾರೆ ಅನ್ನುವ ಸುಳಿವು ಅಲ್ಲಿದೆ.

ಹೆಜ್ಜೆ 8: ತೀರ್ಮಾನ

ಎಂಜಿನ್ ರಿಪೇರಿಯಿಂದಲೇ ಸರಿಹೋಗುವಂತಿದ್ದರೆ ಅಷ್ಟೇ ಮಾಡಿ. ಚಕ್ರ ಜಾರುತ್ತಿದ್ದು ಗೇರ್‌ಬಾಕ್ಸ್ ಗಟ್ಟಿಯಿದ್ದರೆ ತೂಕ, ಟಯರ್ ಸಾಕು. ಕಷ್ಟದ ಕೆಲಸ ವರ್ಷಕ್ಕೆ ಎರಡು ಮೂರು ದಿನ ಮಾತ್ರ ಬರುವುದಾದರೆ ಆ ದಿನಗಳಿಗೆ ಬಾಡಿಗೆ ಯಂತ್ರ ತರಿಸುವುದೇ ಮೇಲು. ಗೇರ್‌ಬಾಕ್ಸ್ ಹಗುರದ್ದು, ಮಣ್ಣಿನ ಕೆಲಸ ತಿಂಗಳು ತಿಂಗಳೂ ಇದೆ, ಅಥವಾ ಪಿಟಿಒ ಕೆಲಸದಲ್ಲಿ ಆರೋಗ್ಯವಾಗಿರುವ ಎಂಜಿನ್ನೇ ಸೋಲುತ್ತಿದೆ ಅಂತಾದರೆ ಆಗ ಬದಲಾಯಿಸಿ.

ಕಡಿದಾದ ಇಳಿಜಾರು ಇರುವವರಿಗೆ ಎಚ್ಚರಿಕೆ. ಬಹಳಷ್ಟು ಕೈಪಿಡಿಗಳು 10ರಿಂದ 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರು ಬೇಡ ಅನ್ನುತ್ತವೆ. ಹೆಚ್ಚು ಶಕ್ತಿ ಬಂದ ಕೂಡಲೇ ಆ ಮಿತಿ ಏರುವುದಿಲ್ಲ. ಇಳಿಯುವಾಗ ತುಂಬಿದ ಟ್ರಾಲಿ ಹಿಂದಿನಿಂದ ತಳ್ಳುತ್ತದೆ, ಹೆಚ್ಚಿನ ಗಾರ್ಡನ್ ಟ್ರ್ಯಾಕ್ಟರುಗಳಲ್ಲಿ ಮಗುಚಿದರೆ ಕಾಪಾಡುವ ಚೌಕಟ್ಟೂ ಇರುವುದಿಲ್ಲ. ಅಂಥ ಜಾಗಕ್ಕೆ ಚೌಕಟ್ಟು, ಸೀಟ್ ಬೆಲ್ಟ್ ಇರುವ, ನಾಲ್ಕೂ ಚಕ್ರ ಎಳೆಯುವ ಸಬ್‌ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ನೋಡಿ, ಹಣ ಜಾಸ್ತಿಯಾದರೂ.

ಬೆಲೆ ಮಾತಾಡುವಾಗ ಸಾಗಣೆ, ಬ್ಯಾಟರಿ, ಬೆಲ್ಟು, ಟಯರ್ ಸೇರಿಸಿ ಲೆಕ್ಕ ಹಾಕಿ. ನಾನಾದರೆ ಕೊಳ್ಳುವ ಬೆಲೆಯ ಕಾಲು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಪಕ್ಕಕ್ಕಿಡುತ್ತೇನೆ. ಅಷ್ಟು ಉಳಿಯದಿದ್ದರೆ ಆ ಗಾಡಿ ನನ್ನ ಕೈಗೆ ಮೀರಿದ್ದು.

ಗಾಡಿ ಮನೆಗೆ ಬಂದ ಮೇಲೆ ಎಂಜಿನ್ ಎಣ್ಣೆ, ಎಲ್ಲ ಫಿಲ್ಟರು, ಸಾಧ್ಯವಿದ್ದರೆ ಹೈಡ್ರೋ ಎಣ್ಣೆ ಬದಲಾಯಿಸಿ, ಎಲ್ಲ ನಿಪ್ಪಲ್‌ಗಳಿಗೂ ಗ್ರೀಸ್ ತುಂಬಿ. ಬಸಿದ ಎಣ್ಣೆಯಲ್ಲಿ ಲೋಹದ ಚೂರು ಇದೆಯಾ ನೋಡಿ. ಹಳೆಯ ಟ್ರ್ಯಾಕ್ಟರನ್ನು ಮಾತ್ರ ಈಗಲೇ ಮಾರಬೇಡಿ. ಹೊಸದು ಒಂದು ಹಂಗಾಮಿನ ಕಷ್ಟದ ಕೆಲಸ ಮುಗಿಸುವ ತನಕ ಅದು ಶೆಡ್ಡಿನಲ್ಲೇ ಇರಲಿ.